ಹೆಡತಲೆಯ ಕಡೆಯಿಂದ ನೋಡಿ

ಪ್ರಿಯ ಮಿತ್ರರೇ,

ನಿಮ್ಮ ಪತ್ರ ಬಂತು. ಮೈಸೂರಿನಲ್ಲಿ ಓದುತ್ತಿರುವ ಮಗ ದೀಪಾವಳಿಗೆ ಮನೆಗೆ ಬಂದಾಗ ಕಿವಿಯ ಸುತ್ತಲೂ ಹಿಂದೆಯೂ ಚರ್ಮ ಕಾಣುವಂತೆ ತೆಗೆಸಿ, ನೆತ್ತಿಯ ಮೇಲೆ ಮಾತ್ರ ಒಂದು ಹಿಡಿ ಕೂದಲು ಉಳಿಸಿಕೊಂಡಿದ್ದನೆಂದೂ, ಅದನ್ನು ನೋಡಿ ನಿಮಗೆ ಹಬ್ಬದ ಊಟ ಸೇರಲಿಲ್ಲವೆಂದೂ ಬರೆದಿದ್ದೀರಿ. ‘ನಮ್ಮ ವಂಶದಲ್ಲಿ ಯಾರೂ ತಲೆಯನ್ನು ಹೀಗೆ ಮಾಡಿಸಿಕೊಂಡವರಲ್ಲ’ ಎಂಬ ಸಾಲಿನ ಕೆಳಗೆ ಗೆರೆಯನ್ನೂ ಎಳೆದಿದ್ದೀರಿ. ಕೂದಲಿನ ವಿಷಯಕ್ಕೆ ಇಷ್ಟು ಬೇಸರಪಡಬಾರದಿತ್ತೇನೋ ಎಂದು ಕೊನೆಯಲ್ಲಿ ಸಂಕೋಚದಿಂದ ಸೇರಿಸಿದ್ದೀರಿ. ಸಂಕೋಚ ಬೇಡ. ಇದು ಸಣ್ಣ ವಿಷಯವಲ್ಲ, ಅದಕ್ಕೇ ಇಷ್ಟು ಉದ್ದದ ಉತ್ತರ ಬರೆಯುತ್ತಿದ್ದೇನೆ.

ಮೊದಲು ವಂಶದ ಮಾತು. ನಿಮ್ಮ ಮುತ್ತಜ್ಜನವರ ಫೋಟೋ ಇದ್ದರೆ ತೆಗೆದು ನೋಡಿ. ತಲೆಯ ಮೇಲೆ ರುಮಾಲೋ ಪೇಟವೋ ಇರುತ್ತದೆ. ಆ ಪೇಟ ಬಿಚ್ಚಿದ್ದರೆ ಒಳಗೆ ಇರುತ್ತಿದ್ದುದು ಏನು? ಹಣೆಯಿಂದ ಅರ್ಧ ತಲೆಯವರೆಗೆ, ಕಿವಿಯ ಸುತ್ತ, ಹೆಡತಲೆಯ ತುಂಬ ಕತ್ತಿ ಆಡಿಸಿ ನುಣ್ಣಗೆ ಬೋಳಿಸಿ, ನೆತ್ತಿಯಲ್ಲಿ ಉಳಿಸಿದ ಜುಟ್ಟು. ಜಾತಿಗೊಂದು, ಸೀಮೆಗೊಂದು ರೀತಿಯಲ್ಲಿ ಅದರ ಅಗಲ ಬದಲಾಗುತ್ತಿತ್ತು, ಗಂಟು ಬೀಳುವ ಜಾಗ ಬದಲಾಗುತ್ತಿತ್ತು. ಆದರೆ ಸುತ್ತ ಬೋಳು, ಮೇಲೆ ಕೂದಲು ಎಂಬ ನಕ್ಷೆ ನಾಡಿನ ಎಷ್ಟೋ ಗಂಡಸರಿಗೆ ಒಂದೇ ಆಗಿತ್ತು. ನಿಮ್ಮ ಮಗನ ತಲೆ ನಿಮ್ಮದಕ್ಕಿಂತ ಅವನ ಮುತ್ತಜ್ಜನ ತಂದೆಯ ತಲೆಗೆ ಹತ್ತಿರವಾಗಿದೆ. ಹೊರಗಿನದೆಂದು ಕಾಣಬೇಕಾದದ್ದು ನೀವೂ ನಿಮ್ಮ ತಂದೆಯವರೂ ಬಿಟ್ಟ ಕ್ರಾಪು.

ಜುಟ್ಟಿನಿಂದ ಕ್ರಾಪಿಗೆ ಬಂದ ಹಾದಿಯಲ್ಲಿ ಪೇಟದ ಪಾತ್ರ ದೊಡ್ಡದು ಎಂದು ನನಗನಿಸುತ್ತದೆ. ಮನೆಯಿಂದ ಹೊರಬಿದ್ದ ಗಂಡಸಿನ ತಲೆ ಸದಾ ಮುಚ್ಚಿರುತ್ತಿದ್ದ ಕಾಲದಲ್ಲಿ ಕೂದಲು ಚೆಲುವಿನ ವಿಷಯವಾಗಿರಲಿಲ್ಲ. ಮಡಿಯ, ಮತದ, ಕುಲದ ವಿಷಯವಾಗಿತ್ತು. ಯಾವಾಗ ತೆಗೆಸಬೇಕು, ಎಷ್ಟು ಉಳಿಸಬೇಕು ಎಂಬುದನ್ನು ಪಂಚಾಂಗ ಮತ್ತು ಮನೆಯ ಹಿರಿಯರು ಹೇಳುತ್ತಿದ್ದರು. ಮಂಗಳವಾರ ಕ್ಷೌರ ಕೂಡದು ಎಂಬ ನಂಬಿಕೆಯ ನೆರಳು ಈಗಲೂ ಉಳಿದಿದೆ. ಬೆಂಗಳೂರು, ಮೈಸೂರಿನಲ್ಲಿ ಬಹಳಷ್ಟು ಕ್ಷೌರದಂಗಡಿಗಳಿಗೆ ರಜೆ ಮಂಗಳವಾರವೇ. ಹರಕೆ ಹೊತ್ತವರು ನಂಜನಗೂಡಿನ ಕಪಿಲೆಯ ದಡದಲ್ಲೋ ತಿರುಪತಿಯಲ್ಲೋ ಮುಡಿ ಕೊಡುತ್ತಾರೆ. ಜೈನ ಮುನಿಗಳು ಕತ್ತಿಯನ್ನೇ ಮುಟ್ಟದೆ ಕೈಯಿಂದ ಕೂದಲು ಕೀಳುವ ಕೇಶಲೋಚನವನ್ನು ಇಂದಿಗೂ ಪಾಲಿಸುತ್ತಾರೆ. ಇಲ್ಲೆಲ್ಲ ಕೂದಲು ದೇವರಿಗೆ ಸಂಬಂಧಿಸಿದ್ದು. ಇಂಗ್ಲಿಷ್ ಶಾಲೆ, ಕಚೇರಿ, ರೈಲು, ಫೋಟೋ ಸ್ಟುಡಿಯೋ ಬಂದ ಮೇಲೆ ತಲೆಯಿಂದ ಪೇಟ ಮೆಲ್ಲನೆ ಇಳಿಯಿತು. ತೆರೆದ ತಲೆ ಮುಖದ ಭಾಗವಾಯಿತು. ಹುಡುಗರು ಜುಟ್ಟು ತೆಗೆಸಿ ಕ್ರಾಪು ಬಿಟ್ಟು ಬೈತಲೆ ತೆಗೆದು ಬಾಚಿಕೊಂಡರು. ಆಗ ಮನೆಗಳಲ್ಲಿ ಎದ್ದ ಜಗಳದ ಮುಂದೆ ನಿಮ್ಮ ದೀಪಾವಳಿಯ ಮುನಿಸು ಏನೂ ಅಲ್ಲ. ಜುಟ್ಟು ತೆಗೆಸಿದ ಮಗನನ್ನು ಶ್ರಾದ್ಧದ ಪಂಕ್ತಿಗೆ ಸೇರಿಸಬೇಕೋ ಬೇಡವೋ ಎಂದು ಹಿರಿಯರು ಚಿಂತಿಸುತ್ತಿದ್ದ ಕಾಲ ಅದು.

ಆ ಕ್ರಾಪಿನ ಆಕಾರ ಎಲ್ಲಿಂದ ಬಂತು ಎನ್ನುತ್ತೀರಾ? ಬಹುಪಾಲು ಸೈನ್ಯದಿಂದ. 1914ರಿಂದ 1918ರವರೆಗಿನ ಮೊದಲ ಮಹಾಯುದ್ಧದಲ್ಲಿ ಸೈನಿಕರು ಕೆಸರಿನ ಕಂದಕಗಳಲ್ಲಿ ತಿಂಗಳುಗಟ್ಟಲೆ ಇದ್ದರು. ಹೇನಿನ ಕಾಟ ಹೇಳತೀರದು. ಬದಿ ಮತ್ತು ಹಿಂಭಾಗ ಗಿಡ್ಡ, ಮೇಲೆ ಬಾಚಲು ಸಾಕಾಗುವಷ್ಟು ಎಂಬ ಕಟ್ಟಿಂಗ್ ಆಗ ಲಕ್ಷಾಂತರ ತಲೆಗಳಿಗೆ ರೂಢಿಯಾಯಿತು. ಯುದ್ಧ ಮುಗಿದ ಮೇಲೆ ಅದು ಶಿಸ್ತಿನ ಗುರುತಾಗಿ ಊರಿಗೆ ಬಂತು, ಗುಮಾಸ್ತರ ತಲೆಗೂ ಮೇಷ್ಟ್ರ ತಲೆಗೂ ಏರಿತು. ನಾವು ಚಿಕ್ಕಂದಿನಲ್ಲಿ ‘ಮಿಲಿಟರಿ ಕಟ್’ ಎನ್ನುತ್ತಿದ್ದುದು ಇದನ್ನೇ. ಬೇಸಿಗೆ ರಜೆ ಬರುತ್ತಿದ್ದಂತೆ ಅಪ್ಪಂದಿರು ಮಕ್ಕಳನ್ನು ಸಾಲಾಗಿ ಕರೆದೊಯ್ದು ‘ಸಮ್ಮರ್ ಕಟ್’ ಹೊಡೆಸುತ್ತಿದ್ದರು. ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡಲಾಗಿ ಹಲಗೆ ಇಟ್ಟು ಅದರ ಮೇಲೆ ಕೂರಿಸಿದ್ದು ನಿಮಗೂ ನೆನಪಿರಬೇಕು.

ಈಗ ಕೈಯ ಕೆಲಸಕ್ಕೆ ಬರುತ್ತೇನೆ. ನನಗೆ ಇದರ ಮೇಲೆ ಬಹಳ ಪ್ರೀತಿ. ಕುರ್ಚಿಯಲ್ಲಿ ಕೂತವನಿಗೆ ಮುಂಭಾಗ ಮಾತ್ರ ಕಾಣುವುದರಿಂದ ಎಲ್ಲರೂ ಮುಂಗೂದಲಿನ ಬಗ್ಗೆಯೇ ಮಾತಾಡುತ್ತಾರೆ. ಆದರೆ ಕ್ಷೌರಿಕನ ಕಸುಬು ತಿಳಿಯುವುದು ಹೆಡತಲೆಯಲ್ಲಿ. ಮುಂಗೂದಲನ್ನು ಬಾಚಿ, ನೀರು ಹಚ್ಚಿ, ಹೇಗೋ ಸರಿಮಾಡಬಹುದು. ಹಿಂದೆ ಕತ್ತಿನ ಹತ್ತಿರ ಒಂದೆರಡು ಮಿಲಿಮೀಟರ್ ಇರುವ ಕೂದಲು, ಬುರುಡೆಯ ಉಬ್ಬಿನ ಹತ್ತಿರ ಒಂದು ಬೆರಳು ಅಗಲ ಆಗಬೇಕು. ಅದು ಎಲ್ಲಿ ಬದಲಾಯಿತು ಎಂದು ಕಣ್ಣಿಗೆ ತಿಳಿಯಬಾರದು. ಮೆಟ್ಟಿಲು ಬಿದ್ದರೆ ಕೆಲಸ ಕೆಟ್ಟಿತು.

ಹಳೆಯ ಕೈಗಳು ಇದನ್ನು ಮಾಡುತ್ತಿದ್ದುದು ಕತ್ತರಿ ಮತ್ತು ಬಾಚಣಿಗೆಯಿಂದ. ಎಡಗೈಯ ಬಾಚಣಿಗೆ ಕತ್ತಿನಿಂದ ಮೇಲಕ್ಕೆ ನಿಲ್ಲದೆ ಏರುತ್ತದೆ, ಏರುತ್ತಾ ಏರುತ್ತಾ ತಲೆಯಿಂದ ಸ್ವಲ್ಪ ಸ್ವಲ್ಪವೇ ದೂರ ಸರಿಯುತ್ತದೆ. ಬಾಚಣಿಗೆಯ ಹಲ್ಲಿನಾಚೆ ಉಳಿದದ್ದನ್ನು ಕತ್ತರಿ ತೆಗೆಯುತ್ತದೆ. ಗಮನಿಸಿ ನೋಡಿದರೆ ಕತ್ತರಿಯ ಒಂದು ಅಲಗು ಬಾಚಣಿಗೆಗೆ ಒರಗಿ ಸುಮ್ಮನೆ ನಿಂತಿರುತ್ತದೆ. ಹೆಬ್ಬೆರಳಿಗೆ ಸಿಕ್ಕಿದ ಇನ್ನೊಂದು ಮಾತ್ರ ಆಡುತ್ತದೆ. ಎರಡೂ ಅಲಗು ಆಡಿದರೆ ಕೂದಲು ಏರುಪೇರಾಗುತ್ತದೆ. ಕೂದಲಿಲ್ಲದ ಗಾಳಿಯಲ್ಲೂ ಕತ್ತರಿ ಚಿಕ್‌ಚಿಕ್ ಎನ್ನುತ್ತಲೇ ಇರುವುದನ್ನು ಕೇಳಿರುತ್ತೀರಿ. ಅದು ತೋರಿಕೆಗಲ್ಲ, ಹೆಬ್ಬೆರಳಿನ ಲಯ ತಪ್ಪದಿರಲಿ ಎಂದು. ನೆತ್ತಿಗೆ ಬಂದಾಗ ಬಾಚಣಿಗೆಯ ಕೆಲಸವನ್ನು ಬೆರಳುಗಳು ವಹಿಸಿಕೊಳ್ಳುತ್ತವೆ: ಎರಡು ಬೆರಳ ನಡುವೆ ಕೂದಲನ್ನು ನೇರ ಮೇಲಕ್ಕೆತ್ತಿ, ಬೆರಳ ಮೇಲೆ ಹೆಚ್ಚಾದದ್ದನ್ನು ಕತ್ತರಿಸುವುದು. ದಟ್ಟವಾಗಿರುವ ಕಡೆ ಹಲ್ಲಿನ ಕತ್ತರಿ ಹಾಕಿ ಭಾರ ಇಳಿಸುವುದು. ಇದೆಲ್ಲದರ ಮೊದಲು ಸುಳಿ ಎಲ್ಲಿದೆ, ಯಾವ ಕಡೆಗೆ ತಿರುಗಿದೆ ಎಂದು ನೋಡಿಕೊಳ್ಳಬೇಕು. ಎರಡು ಸುಳಿ ಇದ್ದರೆ ಎರಡು ಮದುವೆ ಎಂದು ಅಜ್ಜಿಯರು ಹೇಳುತ್ತಿದ್ದರು. ಕ್ಷೌರಿಕನಿಗೆ ಎರಡು ಸುಳಿ ಎಂದರೆ ನೆತ್ತಿಯ ಹಿಂದೆ ಕೂದಲನ್ನು ಬಹಳ ಗಿಡ್ಡ ಮಾಡಬಾರದು ಎಂಬ ಎಚ್ಚರಿಕೆ. ಮಾಡಿದರೆ ಅಲ್ಲಿನ ಕೂದಲು ಎದ್ದು ನಿಲ್ಲುತ್ತದೆ.

ಮಿಷನ್ ಬಂದದ್ದು ಬಹಳ ಹಿಂದೆಯೇ. ಕೈಯಲ್ಲಿ ಒತ್ತುವ ಮಿಷನ್ ಮೊಂಡಾಗಿದ್ದರೆ ಕೂದಲನ್ನು ಕತ್ತರಿಸುವ ಬದಲು ಕೀಳುತ್ತಿತ್ತು, ಮಕ್ಕಳು ಕಿರುಚುತ್ತಿದ್ದರು. ಅಮೆರಿಕದ ಲಿಯೋ ವಾಲ್ 1920ರ ಆಸುಪಾಸಿನಲ್ಲಿ ಕರೆಂಟಿನ ಮಿಷನ್ ಮಾಡಿ ಮಾರಾಟಕ್ಕಿಳಿಸಿದ. ನಮ್ಮ ಸಣ್ಣ ಊರುಗಳಲ್ಲಿ ಅದು ಮನೆಮಾತಾಗಲು ಬಹಳ ಕಾಲ ಹಿಡಿಯಿತು. ಈಗಿನ ಹುಡುಗರ ‘ಫೇಡ್’ ನಿಂತಿರುವುದೇ ಆ ಮಿಷನ್ನಿನ ಮೇಲೆ. ಅಮೆರಿಕದ ಸೈನಿಕರ ಕಟ್ಟಿಂಗಿನಲ್ಲಿ ಹುಟ್ಟಿದ ಇದನ್ನು 1980ರ ದಶಕದಲ್ಲಿ ಕಲೆಯ ಮಟ್ಟಕ್ಕೆ ಏರಿಸಿದವರು ಅಲ್ಲಿನ ಕಪ್ಪು ಜನರ ಕ್ಷೌರದಂಗಡಿಗಳ ಕುಶಲಿಗಳು. ಮಿಷನ್ನಿಗೆ ಹಾಕುವ ಪ್ಲಾಸ್ಟಿಕ್ ಹಲ್ಲಿಗೆ ನಂಬರ್ ಇರುತ್ತದೆ. ನಂಬರ್ ಒಂದು ಎಂದರೆ ಸುಮಾರು 3 ಮಿಲಿಮೀಟರ್, ಎರಡು 6, ನಾಲ್ಕು 13. ಕೆಳಗೆ ಜೀರೋ, ಅದರ ಮೇಲೆ ಅರ್ಧ, ಆಮೇಲೆ ಒಂದು, ಒಂದೂವರೆ, ಎರಡು ಎಂದು ಪಟ್ಟಿ ಪಟ್ಟಿಯಾಗಿ ಏರಿಸಿ, ಪ್ರತಿ ಎರಡು ಪಟ್ಟಿಯ ನಡುವೆ ಬೀಳುವ ಗೆರೆಯನ್ನು ಮಿಷನ್ನಿನ ಪಕ್ಕದ ಸಣ್ಣ ಹಿಡಿ ತೆರೆದು ಮುಚ್ಚಿ, ಅಲಗಿನ ಮೂಲೆಯಿಂದ ಮೆಲ್ಲಗೆ ಕೆರೆದು ಅಳಿಸಬೇಕು. ಮಿಷನ್ ಒಳಗೆ ಹೋಗಿ ಹೊರಗೆ ಬರುವಾಗ ಮಣಿಕಟ್ಟು ಬಿಲ್ಲಿನಂತೆ ಬಾಗಬೇಕು. ಚೆನ್ನಾಗಿ ಮಾಡಿದರೆ ಬಿಳುಪಿನಿಂದ ಕಪ್ಪಿಗೆ ಎಲ್ಲಿ ದಾಟಿತೆಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಆದ್ದರಿಂದ ‘ಮಿಷನ್ ಹೊಡೆದು ಕಳಿಸಿದ್ದಾರೆ’ ಎಂದು ನೀವು ಬರೆದ ಮಾತನ್ನು ನಾನು ಒಪ್ಪಲಾರೆ. ಮಗನನ್ನು ಬೆಳಕಿಗೆ ಬೆನ್ನು ಹಾಕಿ ನಿಲ್ಲಿಸಿ ಹಿಂದಿನಿಂದ ನೋಡಿ. ಗೆರೆ ಕಂಡರೆ ಹುಡುಗ ಮೋಸ ಹೋದ. ಗೆರೆ ಕಾಣದಿದ್ದರೆ ಅವನ ತಲೆಯ ಮೇಲೆ ಒಬ್ಬ ಕಸುಬುದಾರ ಮುಕ್ಕಾಲು ಗಂಟೆ ಬೆವರು ಹರಿಸಿದ್ದಾನೆ.

ಹಾಗೆಂದು ನನಗೆ ಬೇಸರವೇ ಇಲ್ಲವೆಂದಲ್ಲ. ಫೇಡ್ ಒಂದನ್ನೇ ಕಲಿತು ಕತ್ತರಿ ಬಾಚಣಿಗೆ ಹಿಡಿಯಲು ಬಾರದ ಹೊಸಬರನ್ನು ಅಂಗಡಿಗಳಲ್ಲಿ ನೋಡುತ್ತೇನೆ. ವಯಸ್ಸಾದವರ ತೆಳು ಕೂದಲಿಗೆ ಮಿಷನ್ ಹೊಂದುವುದಿಲ್ಲ, ಅದಕ್ಕೆ ಕತ್ತರಿಯೇ ಬೇಕು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಈಗ ಉತ್ತರ ಪ್ರದೇಶ, ಬಿಹಾರದಿಂದ ಬಂದ ಹುಡುಗರು ನಿಂತಿದ್ದಾರೆ. ಅವರಲ್ಲಿ ತಂದೆಯಿಂದ ಕತ್ತರಿ ಕಲಿತವರ ಕೈ ಕಂಡರೆ ತಿಳಿಯುತ್ತದೆ. ಎರಡೂ ಬಲ್ಲವನೇ ನನ್ನ ಲೆಕ್ಕದಲ್ಲಿ ಪೂರ್ಣ ಕಸುಬುದಾರ. ಇನ್ನೊಂದು ಲೆಕ್ಕವೂ ಇದೆ. ತಲೆಗೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಬರೀ ಚರ್ಮದಿಂದ ಶುರುವಾದ ಫೇಡ್ ಹತ್ತು ದಿನಕ್ಕೇ ಮಸುಕಾಗುತ್ತದೆ. ನಿಮ್ಮ ಕಾಲದ ಸ್ಟೆಪ್ ಕಟ್ ಒಂದೂವರೆ ತಿಂಗಳು ನಡೆಯುತ್ತಿತ್ತು. ಮಗನ ಫೇಡಿಗೆ ತಿಂಗಳಿಗೆ ಎರಡು ಸಲ ಅಂಗಡಿಗೆ ಹೋಗಬೇಕು. ಅವನು ಖರ್ಚಿಗೆ ಹೆಚ್ಚು ಕೇಳಿದರೆ ಈ ಕಾರಣವೂ ಗೊತ್ತಿರಲಿ.

ನಡುವಿನ ವರ್ಷಗಳ ಕಥೆ ಸಿನಿಮಾದವರದು, ಅದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. 60ರ ದಶಕದ ಸಾಮಾಜಿಕ ಚಿತ್ರಗಳ ರಾಜ್‌ಕುಮಾರರ ಅಚ್ಚುಕಟ್ಟು ಕ್ರಾಪು. 1972ರಲ್ಲಿ ‘ನಾಗರಹಾವು’ ಬಂದದ್ದೇ ಕಾಲೇಜು ಹುಡುಗರು ವಿಷ್ಣುವರ್ಧನರಂತೆ ಸೈಡ್‌ಲಾಕ್ ಇಳಿಸಿದರು. ಕಿವಿ ಮುಚ್ಚುವ ಕೂದಲಿಗೆ ಮನೆಯವರು ‘ಹಿಪ್ಪಿ’ ಎಂದು ಬೈದರು. 1987ರ ‘ಪ್ರೇಮಲೋಕ’ದ ರವಿಚಂದ್ರನ್, 1995ರ ‘ಓಂ’ನ ಶಿವರಾಜ್‌ಕುಮಾರ್, 1998ರ ‘ಎ’ ಚಿತ್ರದ ಉಪೇಂದ್ರ, ಎಲ್ಲರದೂ ಉದ್ದ ಕೂದಲು. ಆ ವರ್ಷಗಳಲ್ಲಿ ಕ್ಷೌರಿಕರ ಆದಾಯಕ್ಕೆ ಪೆಟ್ಟು ಬಿದ್ದಿತ್ತೆಂದು ಹಳಬರು ಹೇಳುತ್ತಾರೆ, ನಂಬುವಂಥ ಮಾತೇ. ಆಮೇಲೆ ಕ್ರಿಕೆಟಿನ ಧೋನಿ. 2006ರಲ್ಲಿ ಲಾಹೋರಿನಲ್ಲಿ ಪಾಕಿಸ್ತಾನದ ಅಧ್ಯಕ್ಷ ಮುಷರ್ರಫ್ ಅವನ ಉದ್ದ ಕೂದಲನ್ನು ಮೆಚ್ಚಿ, ಕತ್ತರಿಸಬೇಡ ಎಂದರು. ಮರುವರ್ಷ ಟಿ20 ವಿಶ್ವಕಪ್ ಗೆದ್ದ ಮೇಲೆ ಧೋನಿ ಅದನ್ನು ಕತ್ತರಿಸಿದ, 2011ರ ವಿಶ್ವಕಪ್ ಗೆದ್ದ ರಾತ್ರಿ ಕಳೆಯುವಷ್ಟರಲ್ಲಿ ತಲೆಯನ್ನೇ ಬೋಳಿಸಿಕೊಂಡ. 2018ರಲ್ಲಿ ‘ಕೆಜಿಎಫ್’ ಬಂದ ಮೇಲೆ ಕೂದಲಿಗಿಂತ ಗಡ್ಡವೇ ಮುಂದಾಯಿತು. ಶೇವಿಂಗ್ ಕಡಿಮೆಯಾಗಿ, ಗಡ್ಡಕ್ಕೆ ಆಕಾರ ಕೊಡುವುದು ಹೊಸ ಕೆಲಸವಾಗಿ ಸೇರಿಕೊಂಡಿತು.

ಒಂದು ಬದಲಾವಣೆ ಮಾತ್ರ ಯಾವ ನಟನಿಂದಲೂ ಬಂದದ್ದಲ್ಲ. ಚರ್ಮದ ಪಟ್ಟಿಗೆ ತಿಕ್ಕಿ ಹರಿತ ಮಾಡುತ್ತಿದ್ದ ಕತ್ತಿಯೊಂದೇ ಊರಿನ ಎಲ್ಲ ಕೆನ್ನೆಗಳ ಮೇಲೂ ಓಡಾಡುತ್ತಿತ್ತು. 1986ರಲ್ಲಿ ದೇಶದಲ್ಲಿ ಎಚ್‌ಐವಿ ಪತ್ತೆಯಾದ ಮೇಲೆ, 90ರ ದಶಕದಲ್ಲಿ ಪ್ರಚಾರ ಜೋರಾಗುತ್ತಿದ್ದಂತೆ ಆ ಕತ್ತಿ ಮರೆಯಾಯಿತು. ಬ್ಲೇಡನ್ನು ನಡುವೆ ಮುರಿದು ಅರ್ಧವನ್ನು ಹಿಡಿಗೆ ಸಿಕ್ಕಿಸಿ, ಒಬ್ಬರಿಗೆ ಬಳಸಿ ಎಸೆಯುವ ಪದ್ಧತಿ ಬಂತು. ಹೊಸ ಬ್ಲೇಡನ್ನು ನಿಮ್ಮ ಕಣ್ಣೆದುರೇ ಮುರಿಯುವ ಆ ಕ್ಷಣ ನನಗೆ ಈ ಕಸುಬಿನ ಅತ್ಯಂತ ಗೌರವದ ಕ್ಷಣವಾಗಿ ಕಾಣುತ್ತದೆ. ಕಾನೂನಿನ ಬೆದರಿಕೆಯಿಲ್ಲದೆ, ಊರೂರಿನ ಸಣ್ಣ ಸಣ್ಣ ಅಂಗಡಿಗಳವರು ತಾವಾಗಿಯೇ ರೂಢಿಸಿಕೊಂಡ ಶಿಸ್ತು ಅದು.

ಗಾಂಧೀಜಿಯವರ ಆತ್ಮಕಥೆಯಲ್ಲಿ ಬರುವ ಪ್ರಸಂಗವೊಂದು ನಿಮಗೆ ನೆನಪಿದೆಯೇ? ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಬಿಳಿಯ ಕ್ಷೌರಿಕನೊಬ್ಬ ಅವರ ಕೂದಲು ಕತ್ತರಿಸಲು ತಿರಸ್ಕಾರದಿಂದ ನಿರಾಕರಿಸಿದ. ಅವರು ಒಂದು ಮಿಷನ್ ಕೊಂಡು ತಂದು ಕನ್ನಡಿಯ ಮುಂದೆ ತಾವೇ ಕತ್ತರಿಸಿಕೊಂಡರು. ಮುಂದೆ ಹೇಗೋ ಸರಿಹೋಯಿತು, ಹಿಂದೆ ಕೆಟ್ಟಿತು. ಕೋರ್ಟಿನಲ್ಲಿ ಗೆಳೆಯರು ಇಲಿ ತಿಂದಿತೇ ಎಂದು ನಕ್ಕರು. ಹೆಡತಲೆಯನ್ನು ತಾನೇ ಕತ್ತರಿಸಿಕೊಳ್ಳಲು ಯಾರಿಂದಲೂ ಆಗದು. ಅದಕ್ಕೆ ಇನ್ನೊಬ್ಬ ಮನುಷ್ಯನ ಕೈ ಬೇಕು. ಗಾಂಧೀಜಿ ಆ ಬಿಳಿಯನನ್ನು ದೂರಲಿಲ್ಲ. ನಮ್ಮ ಕ್ಷೌರಿಕರು ಅಸ್ಪೃಶ್ಯರ ಸೇವೆ ಮಾಡಲು ನಾವು ಬಿಡುವುದಿಲ್ಲವಲ್ಲ, ಅದಕ್ಕೆ ಸಿಕ್ಕ ಫಲ ಇದು ಎಂಬ ಅರ್ಥದಲ್ಲಿ ಬರೆದರು.

ಆ ಮಾತು ಹಳೆಯದಾಗಿಲ್ಲ, ಮಿತ್ರರೇ. 2020ರಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ದಲಿತರ ಕೂದಲು ಕತ್ತರಿಸಿದ ಕ್ಷೌರಿಕನೊಬ್ಬನಿಗೇ ಬಹಿಷ್ಕಾರ ಹಾಕಿ 50,000 ರೂಪಾಯಿ ದಂಡ ಕೇಳಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕೂದಲು ಕತ್ತರಿಸುವ ವಿಷಯಕ್ಕೆ ಅಂಗಡಿಯಲ್ಲೇ ಎದ್ದ ಜಗಳದಲ್ಲಿ ದಲಿತ ಯುವಕನೊಬ್ಬ ಇರಿತಕ್ಕೆ ಪ್ರಾಣ ಬಿಟ್ಟ. ಕೂದಲು ಕತ್ತರಿಸಿಕೊಳ್ಳಲು ಹೋಗಿ ಜೀವ ಕಳೆದುಕೊಂಡ! ಕೆಲವು ಹಳ್ಳಿಗಳ ಹುಡುಗರು ಇವತ್ತಿಗೂ ಹತ್ತಾರು ಮೈಲಿ ದೂರದ ಪೇಟೆಗೆ ಬಸ್ಸು ಹತ್ತಿ ಹೋಗುತ್ತಾರೆ, ತಮ್ಮೂರಿನ ಕುರ್ಚಿಯಲ್ಲಿ ಕೂರುವಂತಿಲ್ಲವೆಂದು. ಹೀಗೆ ಸೇವೆ ನಿರಾಕರಿಸುವುದು 1955ರಿಂದಲೇ ಅಪರಾಧ.

ಇದರಲ್ಲಿ ಕ್ಷೌರಿಕನನ್ನು ಮಾತ್ರ ನಿಲ್ಲಿಸಿ ಕೇಳುವುದು ನ್ಯಾಯವಲ್ಲ. ಆಯಗಾರ ಪದ್ಧತಿಯಲ್ಲಿ ಸುಗ್ಗಿಯ ಹೊತ್ತಿಗೆ ಊರವರು ಅಳೆದುಕೊಟ್ಟ ಧಾನ್ಯದಿಂದ ವರ್ಷವಿಡೀ ಬದುಕಿದ ಮನೆತನ ಅವನದು. ಧಾನ್ಯ ಕೊಡುವವರು ಯಾರ ತಲೆ ಮುಟ್ಟು ಎಂದರೆ ಮುಟ್ಟಬೇಕು, ಬೇಡವೆಂದರೆ ಬಿಡಬೇಕು. ಅವನನ್ನೂ ಊರು ಅಂಗಳದಲ್ಲೇ ನಿಲ್ಲಿಸಿತ್ತು. ಮದುವೆಗೆ ಅವನ ವಾಲಗ ಬೇಕು, ಹೆರಿಗೆಗೆ ಅವನ ಮನೆಯ ಹೆಂಗಸರು ಬೇಕು, ಬೆಳಗ್ಗೆ ಎದ್ದು ಅವನ ಮುಖ ನೋಡಿದರೆ ಮಾತ್ರ ಅಪಶಕುನ. 12ನೇ ಶತಮಾನದಲ್ಲಿ ಬಸವಣ್ಣನವರು, ಕ್ಷೌರಿಕ ಸಮುದಾಯ ತನ್ನವರೆನ್ನುವ ಹಡಪದ ಅಪ್ಪಣ್ಣನವರನ್ನು ತಮ್ಮ ಪಕ್ಕದಲ್ಲೇ ಇರಿಸಿಕೊಂಡರು. ಅಷ್ಟು ಹಿಂದೆ ಆದದ್ದನ್ನು ನಾವು ಮುಂದುವರಿಸಲಿಲ್ಲ. ಆದರೆ ಈ ಜನ ಸುಮ್ಮನೆ ತಲೆಬಾಗಿದವರೂ ಅಲ್ಲ. 1890ರಲ್ಲಿ ಮುಂಬಯಿಯ ಕ್ಷೌರಿಕರು, ಕಾರ್ಮಿಕ ಮುಖಂಡ ನಾರಾಯಣ ಮೇಘಾಜಿ ಲೋಖಂಡೆಯವರ ನೇತೃತ್ವದಲ್ಲಿ, ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ಸೇರಿ ನಿಂತರು. ಪಂಡಿತರು ಗ್ರಂಥ ಹಿಡಿದು ವಾದಿಸುತ್ತಿದ್ದಾಗ ಕತ್ತಿ ಕೆಳಗಿಟ್ಟವರು ಇವರು.

2020ರ ಲಾಕ್‌ಡೌನಿನಲ್ಲಿ ಸುಮಾರು ಎರಡು ತಿಂಗಳು ಅಂಗಡಿಗಳೆಲ್ಲ ಮುಚ್ಚಿದ್ದವು. ನಾವೆಲ್ಲ ಟ್ರಿಮ್ಮರ್ ತರಿಸಿಕೊಂಡೆವು, ಹೆಂಡತಿ ಮಕ್ಕಳ ಕೈಗೆ ಹೆಡತಲೆ ಕೊಟ್ಟೆವು. ಅತ್ತ ದಿನದ ದುಡಿಮೆಯನ್ನೇ ನಂಬಿದ ಮನೆಗಳಲ್ಲಿ ಒಲೆ ಉರಿಯುವುದು ಕಷ್ಟವಾಯಿತು. ರಾಜ್ಯ ಸರ್ಕಾರ ಆ ಮೇ ತಿಂಗಳಲ್ಲಿ ಸುಮಾರು 2.3 ಲಕ್ಷ ಕ್ಷೌರಿಕರಿಗೆ ಒಂದು ಬಾರಿಯ ನೆರವೆಂದು ತಲಾ 5,000 ರೂಪಾಯಿ ಘೋಷಿಸಿತು. ನಮ್ಮ ನಾಡಿನಲ್ಲಿ ಈ ಕೆಲಸ ಮಾಡುವ ಕೈಗಳು ಎಷ್ಟಿವೆ ಎಂದು ಬಹಳ ಜನಕ್ಕೆ ತಿಳಿದದ್ದೇ ಆಗ.

ಮಗನ ವಿಷಯಕ್ಕೆ ಬರುತ್ತೇನೆ. ಅವನನ್ನು ಬೈಯಬೇಡಿ. ಸಂಕ್ರಾಂತಿಗೆ ಬಂದಾಗ ಜೊತೆಯಲ್ಲೇ ನಿಮ್ಮೂರಿನ ಅಂಗಡಿಗೆ ಹೋಗಿ. ಫೋನಿನ ಚಿತ್ರ ತೋರಿಸಿ ಅವನು ಕೇಳಿದ್ದನ್ನು ನಿಮ್ಮ ಹಳೆಯ ಕ್ಷೌರಿಕರು ಮಾಡಬಲ್ಲರೇ ನೋಡಿ. ಮಾಡಲಾರೆ ಎಂದರೆ ಕತ್ತರಿಯಲ್ಲಿ ಅವರಿಗೆ ತೋಚಿದ್ದನ್ನು ಮಾಡಲು ಬಿಡಿ, ಹುಡುಗನಿಗೂ ಇಷ್ಟವಾಗಬಹುದು. ಅವರು ಕೇಳಿದ ದುಡ್ಡಿನಲ್ಲಿ ಚೌಕಾಸಿ ಮಾಡಬೇಡಿ. ನಿಮ್ಮ ಸರದಿ ಬರುವವರೆಗೆ ಬೆಂಚಿನ ಮೇಲೆ ಕೂತು, ಊರಿನ ಎಲ್ಲ ಕೇರಿಯವರೂ ಆ ಕುರ್ಚಿಯಲ್ಲಿ ಕೂರುತ್ತಾರೆಯೇ ಎಂದು ಗಮನಿಸಿ. ಕೂರುವುದಿಲ್ಲವಾದರೆ, ನೀವು ಪಂಚಾಯಿತಿಯಲ್ಲಿ ಮಾತು ನಡೆಯುವಂಥ ಹಿರಿಯರು, ಮುಂದಿನ ಸಭೆಯಲ್ಲಿ ಆ ವಿಷಯ ಎತ್ತಿ. ಅಂಗಡಿಯವನು ಒಬ್ಬನೇ ಊರನ್ನು ಎದುರು ಹಾಕಿಕೊಳ್ಳಲಾರ, ನಿಮ್ಮಂಥವರು ಅವನ ಬೆನ್ನಿಗೆ ನಿಲ್ಲಬೇಕು. ಏನಾಯಿತೆಂದು ನನಗೆ ಬರೆಯಿರಿ.



ನಿಮ್ಮ ವಿಶ್ವಾಸದ ಗೆಳೆಯ